ಊಟ ತನ್ನಿಚ್ಛೆ, ನೋಟ ಪರರಿಚ್ಛೆ?

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಉಣ್ಣುವಾಗ ನಮ್ಮ ಹಸಿವೆಯ ಮಾತನ್ನು ಕೇಳಬೇಕು, ಉಡುವಾಗ ನಾಲ್ಕು ಜನ ಒಪ್ಪುವಂತೆ ಉಡಬೇಕು ಎಂಬುದು ಅದರ ತಾತ್ಪರ್ಯ. ಹಿರಿಯರ ಅನುಭವದಿಂದ ಬಂದ ಮಾತನ್ನು ಪ್ರಶ್ನಿಸುವಷ್ಟು ವಿದ್ವತ್ತು ನನ್ನದಲ್ಲ. ಬಿ.ಕಾಂ. ಪದವಿ ಪಡೆದು, ಎರಡು ದಶಕಗಳಿಗೂ ಮೀರಿ ಬ್ಯಾಂಕಿನ ಮೇಜಿನ ಹಿಂದೆ ಕುಳಿತು, ಪರರ ಜಮಾ-ಖರ್ಚುಗಳನ್ನು ನೋಡುತ್ತಲೇ ನಲವತ್ತನ್ನು ದಾಟಿದವಳು ನಾನು. ಈ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ವೈದ್ಯರಲ್ಲದವರೂ ಒಂದೆರಡು ಮಾತು ಬರೆಯಲಿ ಎಂದು ನಮ್ಮ ಸಂಘದ ಕಾರ್ಯದರ್ಶಿಗಳು ಒತ್ತಾಯಿಸಿದಾಗ, ಮೊದಲು ನೆನಪಿಗೆ ಬಂದುದು ಈ ಗಾದೆಯೇ. ಅದರ ಉತ್ತರಾರ್ಧವನ್ನು ಮಾತ್ರ ಪಾಲಿಸಿ ನಮ್ಮ ಮನೆ ತೆತ್ತ ಬೆಲೆ ಎಷ್ಟು ಎಂಬ ಲೆಕ್ಕವನ್ನು ಓದುಗ ಬಂಧುಗಳ ಮುಂದೆ, ವಿಶೇಷವಾಗಿ ಸೋದರಿಯರ ಮುಂದೆ, ಇಡುವುದೇ ಈ ಲೇಖನದ ಉದ್ದೇಶ.

ನಾನು ಬೇಗಂಪೇಟೆಗೆ ಬಂದು ಒಂಬತ್ತು ವರ್ಷಗಳಾದುವು. ತವರು ಇಳಕಲ್ಲಿನ ಹತ್ತಿರದ ಒಂದು ಹಳ್ಳಿ. ಅಲ್ಲಿ ಬೆಳಗಾದರೆ ಕೇಳುತ್ತಿದ್ದುದು ಮಗ್ಗದ ಸದ್ದು ಮತ್ತು ರೊಟ್ಟಿ ಬಡಿಯುವ ಸದ್ದು. ಇಲ್ಲಿ ಕಿಟಕಿ ತೆರೆದರೆ ಕೇಳುವುದು ವಾಹನಗಳ ಹಾರ್ನು, ಕಾಣುವುದು ಸಾಲುಸಾಲು ಬಟ್ಟೆಯಂಗಡಿಗಳ ಗಾಜಿನ ಗೋಡೆಗಳು. ಆ ಗಾಜಿನ ಹಿಂದೆ ನಿಂತ ಬೊಂಬೆಗಳಿಗೆ ಹೊಟ್ಟೆಯೆಂಬುದೇ ಇಲ್ಲ. ಹಸಿವೆಯೂ ಇಲ್ಲದ, ಹೆರಿಗೆಯೂ ಆಗದ ಆ ಬೊಂಬೆಯ ಮೈಮೇಲಿನ ರವಿಕೆಯನ್ನು ನೋಡಿ, ಅದು ನನಗೂ ಒಪ್ಪೀತೆಂದು ಹಂಬಲಿಸಿದ ದಿನಗಳು ಎಷ್ಟೋ. ಈಗಂತೂ ಅಂಗಡಿಯವರೆಗೆ ಹೋಗಬೇಕಾದ ಅಗತ್ಯವೂ ಇಲ್ಲ. ಅಂಗೈಯಗಲದ ದೂರವಾಣಿಯಲ್ಲಿಯೇ ದಿನವಿಡೀ ಅಂಥ ಚಿತ್ರಗಳು ಒಂದರ ಹಿಂದೊಂದು ಹರಿದುಬರುತ್ತವೆ.

ನನ್ನ ಕಪಾಟಿನಲ್ಲಿ ಒಂದು ರೇಷ್ಮೆ ರವಿಕೆಯಿತ್ತು. ಅದು ನನಗೆ ಮೂವತ್ತೈದು ವರ್ಷವಾಗಿದ್ದಾಗ ಹೊಲಿಸಿದ್ದು. ನಲವತ್ತರ ನಂತರ ಅದರ ಗುಂಡಿಗಳು ಕೂಡಲಿಲ್ಲ. ‘ಮೈ ಇಳಿಸಿ ಇದನ್ನು ಮತ್ತೆ ತೊಡುತ್ತೇನೆ’ ಎಂದು ನಾಲ್ಕು ವರ್ಷ ಅದನ್ನು ಕಾದಿರಿಸಿದೆ. ವಾಣಿಜ್ಯಶಾಸ್ತ್ರ ಓದಿದ ನಾನು ಸವಕಳಿ ಎಂಬ ಮಾತನ್ನು ಅರಿಯದವಳೇನಲ್ಲ. ವಸೂಲಾಗದ ಸಾಲವನ್ನು ಪುಸ್ತಕದಿಂದ ತೆಗೆದುಹಾಕಬೇಕೆಂದು ಗ್ರಾಹಕರ ಲೆಕ್ಕದಲ್ಲಿ ನಿತ್ಯವೂ ಹೇಳುವವಳೇ. ಆದರೆ ನನ್ನದೇ ಕಪಾಟಿನ ಅನುತ್ಪಾದಕ ಆಸ್ತಿಯನ್ನು ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ. ರಾಜ್ಯೋತ್ಸವ ಸಮೀಪಿಸಿದಾಗಲೆಲ್ಲ ರಾತ್ರಿಯ ಊಟ ಬಿಡುವುದು, ಹಬ್ಬ ಮುಗಿದ ಮೇಲೆ ಬಿಟ್ಟದ್ದನ್ನೆಲ್ಲ ಬಡ್ಡಿಸಮೇತ ತಿನ್ನುವುದು, ಹೀಗೆ ನಡೆಯಿತು ನನ್ನ ಆರೋಗ್ಯವ್ರತ.

ಒಂದು ವರ್ಷ ಕಚೇರಿಯಲ್ಲಿ ನಡೆದ ವಾರ್ಷಿಕ ತಪಾಸಣೆಯಲ್ಲಿ ನನ್ನ ರಕ್ತದ ಎಚ್‌ಬಿಎ1ಸಿ ಪ್ರಮಾಣ ಶೇಕಡಾ 6.2 ಎಂದು ಬಂದಿತು. ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಪರೀಕ್ಷೆ ಇದು. 5.7ಕ್ಕಿಂತ ಕಡಿಮೆಯಿದ್ದರೆ ಕ್ಷೇಮ; 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು, 6.5 ಮುಟ್ಟಿದರೆ ಮಧುಮೇಹ. ಸೊಂಟದ ಸುತ್ತಳತೆ 91 ಸೆಂಟಿಮೀಟರ್. ನಮ್ಮ ದೇಶದ ಸ್ತ್ರೀಯರಿಗೆ 80ನ್ನು ದಾಟಿದರೆ ಎಚ್ಚರ ಬೇಕೆನ್ನುತ್ತಾರೆ ವೈದ್ಯರು. ಇದು ನನ್ನೊಬ್ಬಳ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಭಾರತದಲ್ಲಿ ಮಧುಮೇಹವುಳ್ಳವರು ಸುಮಾರು 10.1 ಕೋಟಿ, ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಈ ಅಂಕೆಗಳನ್ನು ವೃತ್ತಪತ್ರಿಕೆಯಲ್ಲಿ ಓದಿದಾಗ ಅವು ಯಾರದೋ ಎನಿಸಿದ್ದುವು. ನನ್ನ ಹೆಸರಿನ ಕಾಗದದಲ್ಲಿ ಕಂಡಾಗ ಮಾತ್ರ ಕೈ ತಣ್ಣಗಾಯಿತು.

ಆದರೂ ನನ್ನನ್ನು ನಿಜವಾಗಿ ಎಚ್ಚರಿಸಿದ್ದು ಆ ಕಾಗದವಲ್ಲ. ಹದಿನಾರರ ನನ್ನ ಮಗಳು ಶಾಲೆಯ ಬೀಳ್ಕೊಡುಗೆ ಸಮಾರಂಭಕ್ಕಾಗಿ ಮೊದಲ ಬಾರಿ ಸೀರೆ ಉಡುವವಳಿದ್ದಳು. ಅದಕ್ಕೆ ಎರಡು ವಾರ ಮುಂಚಿನಿಂದ ಬುತ್ತಿ ಡಬ್ಬಿ ಇದ್ದಂತೆಯೇ ಮನೆಗೆ ಮರಳತೊಡಗಿತು. ಮೆಟ್ರೋ ನಿಲ್ದಾಣದ ಮೆಟ್ಟಿಲೇರುವಾಗ ಒಂದು ದಿನ ಅವಳು ನಡುವೆಯೇ ಕುಳಿತುಬಿಟ್ಟಳು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.8. ಅವಳ ವಯಸ್ಸಿಗೆ 12 ಗ್ರಾಮಿಗೆ ಕಡಿಮೆಯಿರಬಾರದು. ನಾನು ಗದರಿಸಿದೆ. ಅವಳು ತಲೆ ತಗ್ಗಿಸಿ ಹೇಳಿದ ಮಾತು ಇಷ್ಟೇ: “ಅಮ್ಮಾ, ನೀನೂ ಫಂಕ್ಷನ್ ಬಂದಾಗ ಊಟ ಬಿಡ್ತೀಯಲ್ಲ?”

ನನ್ನಲ್ಲಿ ಉತ್ತರವಿರಲಿಲ್ಲ. ನಾವು ಸ್ಫೂರ್ತಿಯನ್ನು ಚಿತ್ರತಾರೆಯರಲ್ಲಿ, ಬೊಂಬೆಗಳಲ್ಲಿ, ಪರದೆಯ ಮೇಲೆ ಹುಡುಕುತ್ತಿರುತ್ತೇವೆ. ಅದೇ ಹೊತ್ತಿನಲ್ಲಿ ನಮ್ಮ ಮನೆಯ ಎಳೆಯ ಕಣ್ಣುಗಳು ನಮ್ಮನ್ನೇ ಮಾದರಿಯಾಗಿ ನೋಡುತ್ತಿರುತ್ತವೆ ಎಂಬ ಅರಿವು ನಮಗಿರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಅದೇ ಸಮೀಕ್ಷೆಯಲ್ಲಿ ಪಟ್ಟಣವಾಸಿ ಸ್ತ್ರೀಯರಲ್ಲಿ ನೂರಕ್ಕೆ 33 ಮಂದಿ ಅತಿತೂಕದವರು. ಒಂದೇ ಸೂರಿನಡಿ ತಾಯಿಗೆ ಹೆಚ್ಚು, ಮಗಳಿಗೆ ಕೊರತೆ! ನಮ್ಮ ಮನೆಯಲ್ಲಿ ಈ ಎರಡಕ್ಕೂ ಬೇರು ಒಂದೇ ಆಗಿತ್ತು: ಊಟವನ್ನು ಪರರ ನೋಟಕ್ಕೆ ಒತ್ತೆಯಿಟ್ಟದ್ದು.

ಆ ವಾರವೇ ಊರಿನಿಂದ ಅವ್ವ ಬಂದಳು. ಎಪ್ಪತ್ತೆರಡು ವರ್ಷದ ಅವಳು ಕಪಾಟಿನಲ್ಲಿದ್ದ ಆ ರವಿಕೆಯನ್ನು ಕೈಗೆತ್ತಿಕೊಂಡು, ಅದರ ಕಥೆಯನ್ನೆಲ್ಲ ಕೇಳಿ, ನಕ್ಕು ಹೀಗೆಂದಳು: “ಅಲ್ಲವ್ವಾ, ಮೈಗೆ ತಕ್ಕಂಗ ಅರಿವಿ ಹೊಲಿಸ್ತಾರೋ, ಅರಿವಿಗೆ ತಕ್ಕಂಗ ಮೈ ಹೊಲಿಸ್ತಾರೋ?”

ಈ ಪ್ರಶ್ನೆಯೇ ನನ್ನ ಲೇಖನದ ಸಾರ. ಉಡುಗೆಯ ಆಸೆ ತಪ್ಪೆಂದು ನಾನು ಹೇಳಲಾರೆ. ಸ್ತ್ರೀಯರ ಉಡುಗೆ-ತೊಡುಗೆಯ ಮಾತು ಬಂದರೆ ‘ಥಳಕು’ ಎಂದು ಮೂಗು ಮುರಿಯುವ ಗಂಭೀರಸ್ಥರು ನಮ್ಮಲ್ಲಿ ಅನೇಕರಿದ್ದಾರೆ. ಅವರ ವಾದವನ್ನು ನಾನು ಒಪ್ಪುವುದಿಲ್ಲ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡವರು; ಸ್ವಾತಂತ್ರ್ಯಾನಂತರ ತಮ್ಮ ಬಾಳಿನ ಬಹುಭಾಗವನ್ನು ದೇಶದ ನೇಕಾರರ, ಕುಶಲಕರ್ಮಿಗಳ ಏಳಿಗೆಗೆ ಮುಡಿಪಾಗಿಟ್ಟವರು. ಉಡುವ ಬಟ್ಟೆಯ ಅಭಿರುಚಿಯೂ ಒಂದು ಘನವಾದ ವಿಷಯವೆಂಬುದಕ್ಕೆ ಅವರ ಬಾಳಿಗಿಂತ ಬೇರೆ ಸಾಕ್ಷಿ ಬೇಡ. ಚೆನ್ನಾಗಿ ಉಡುವ ಆಸೆ ಬದುಕುವ ಆಸೆಯ ಒಂದು ಮುಖವೇ ಆಗಿದೆ. ಆದರೆ ಆ ಆಸೆ ಮೈಯನ್ನು ಸಲಹುವಂತಿರಬೇಕು, ಶಿಕ್ಷಿಸುವಂತಿರಬಾರದು.

ಉಡುಗೆಗೂ ಆರೋಗ್ಯಕ್ಕೂ ಇರುವ ನಂಟನ್ನು ತಿಳಿಯಲು ಬೇಗಂಪೇಟೆಯವರು ದೂರ ಹೋಗಬೇಕಾಗಿಲ್ಲ. ನಮ್ಮ ಹಳೆಯ ವಿಮಾನ ನಿಲ್ದಾಣದ ಸಮೀಪದಲ್ಲಿ ಸರ್ ರೊನಾಲ್ಡ್ ರಾಸ್ ಅವರ ಹೆಸರಿನ ಕಟ್ಟಡವೊಂದಿದೆ. 1897ರ ಆಗಸ್ಟ್ 20ರಂದು ಅವರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡುಹಿಡಿದದ್ದು ಸಿಕಂದರಾಬಾದಿನ ಈ ಭಾಗದಲ್ಲಿಯೇ; 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಲಭಿಸಿತು. ಮಲೇರಿಯಾ ಹರಡುವ ಸೊಳ್ಳೆ ಸಂಜೆಯಿಂದ ಬೆಳಗಿನವರೆಗೆ ಕಚ್ಚಿದರೆ, ಡೆಂಗ್ಯೂ ಹರಡುವ ಸೊಳ್ಳೆ ಹಗಲಿನಲ್ಲಿಯೇ ಕಚ್ಚುತ್ತದೆ. ಮಳೆಗಾಲದಲ್ಲಿ ಸಡಿಲವಾದ ತುಂಬುತೋಳಿನ ಹತ್ತಿಯ ಉಡುಪು ತೊಡಿರೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಆ ಕಟ್ಟಡದ ಮುಂದೆ ಹಾದುಹೋಗುವಾಗಲೆಲ್ಲ ನನಗನ್ನಿಸುವುದು, ಉಡುಗೆಯ ಮೊದಲ ಕರ್ತವ್ಯ ಮೈಯನ್ನು ಕಾಯುವುದು. ಮೆರೆಸುವುದು ಅದರ ನಂತರದ್ದು.

ಇನ್ನು ಕೆಲವು ಸಂಗತಿಗಳನ್ನು ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡೆ. ಎತ್ತರದ ಹಿಮ್ಮಡಿಯ ಚಪ್ಪಲಿ ಮೈಭಾರವನ್ನು ಪಾದದ ಮುಂಭಾಗಕ್ಕೆ ತಳ್ಳುತ್ತದೆ. ಬೆರಳ ಬುಡ, ಮೊಣಕಾಲು, ಸೊಂಟ ಎಲ್ಲವೂ ಅದರ ಸುಂಕ ತೆರಬೇಕು. ಅತಿ ಬಿಗಿಯಾದ ಷರಾಯಿ ಅಥವಾ ಪಟ್ಟಿ ತೊಡೆಯ ಹೊರಭಾಗಕ್ಕೆ ಹೋಗುವ ನರವನ್ನು ಸೊಂಟದ ಬಳಿ ಒತ್ತಿ, ಜುಮ್ಮೆನ್ನುವ ಉರಿಯನ್ನು ತರುವುದುಂಟು. ಇದನ್ನೆಲ್ಲ ಹೇಳಿದಾಗ ‘ನೋಡಿದಿರಾ, ನಮ್ಮ ಸೀರೆಯೇ ಮೇಲು’ ಎಂದು ತಲೆದೂಗುವವರೂ ಇದ್ದಾರೆ. ಅವರಿಗೂ ಒಂದು ಮಾತು ಹೇಳಲೇಬೇಕು. 2024ರ ನವೆಂಬರಿನಲ್ಲಿ ಬ್ರಿಟನ್ನಿನ ‘ಬಿಎಂಜೆ ಕೇಸ್ ರಿಪೋರ್ಟ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಭಾರತದ ಇಬ್ಬರು ವೃದ್ಧೆಯರ ವೃತ್ತಾಂತ ಪ್ರಕಟವಾಯಿತು. ದಶಕಗಳ ಕಾಲ ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ಟಿದ ಉಡುಗೆಯ ತಿಕ್ಕಾಟದಿಂದ ಸೊಂಟದ ಚರ್ಮ ಹುಣ್ಣಾಗಿ, ಆ ಹುಣ್ಣು ಮಾಯದೆ ಕ್ಯಾನ್ಸರಿಗೆ ತಿರುಗಿತ್ತು. ಇದು ಅಪರೂಪ, ಗಾಬರಿಪಡಬೇಕಾಗಿಲ್ಲ. ಆದರೆ ಲಂಗದ ಲಾಡಿ ಕಟ್ಟಿದ ಜಾಗದಲ್ಲಿ ಕಪ್ಪು ಗೆರೆಯೂ ತುರಿಕೆಯೂ ಇಲ್ಲದ ಹಿರಿಯ ಸೋದರಿಯರು ನಮ್ಮಲ್ಲಿ ಎಷ್ಟು ಮಂದಿ? ಲಾಡಿಯ ಬದಲು ಅಗಲವಾದ ಮೆತ್ತನೆಯ ಪಟ್ಟಿ, ಮನೆಯಲ್ಲಿರುವಾಗ ಸಡಿಲವಾದ ಕಟ್ಟು, ಗಾಯ ಮಾಯದಿದ್ದರೆ ಕೂಡಲೇ ವೈದ್ಯರ ಭೇಟಿ: ಇಷ್ಟು ಮಾಡಿದರೆ ಸಾಕು. ಹಳೆಯದೆಲ್ಲ ಹೊನ್ನಲ್ಲ, ಹೊಸದೆಲ್ಲ ಹುಸಿಯಲ್ಲ. ಮೈಯ ಒಪ್ಪಿಗೆಯೇ ಎರಡಕ್ಕೂ ಒರೆಗಲ್ಲು.

ಈ ಒರೆಗಲ್ಲಿಗೆ ಅವ್ವನ ಉಡುಗೆಯನ್ನು ತಿಕ್ಕಿ ನೋಡಿದೆ. ಅವಳ ನಿತ್ಯದ ಇಳಕಲ್ಲ ಸೀರೆ ಹತ್ತಿಯದು. ಸೆರಗು ಮಾತ್ರ ಕೆಂಪು ರೇಷ್ಮೆ. ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಜೋಡಿಸುವುದು ಆ ನೇಯ್ಗೆಯ ವೈಶಿಷ್ಟ್ಯ. ಮೈಗೆ ತಗಲುವ ಕಡೆ ಬೆವರು ಹೀರುವ ಹತ್ತಿ, ಕಣ್ಣಿಗೆ ಬೀಳುವ ಕಡೆ ರೇಷ್ಮೆ! ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಗೆ ನಮ್ಮ ನೇಕಾರರು ಕೊಟ್ಟ ಭಾಷ್ಯವಿದು ಎಂದರೆ ತಪ್ಪಾಗದು. ಹೊಲಕ್ಕೆ ಹೋಗುವಾಗ ಅವಳು ಅದೇ ಸೀರೆಗೆ ಕಚ್ಚೆ ಹಾಕುತ್ತಿದ್ದಳು. ಬಾಗಲು, ಏರಲು, ಹೆಜ್ಜೆಯಿಡಲು ಅಡ್ಡಿಯಿರಲಿಲ್ಲ. ಗುಳೇದಗುಡ್ಡದ ಖಣದ ಕುಪ್ಪಸವನ್ನು ಮುಂದೆ ಗಂಟು ಹಾಕಿಕೊಂಡರೆ ಮೈ ಹಿಗ್ಗಲಿ, ಕುಗ್ಗಲಿ, ಅದಕ್ಕೆ ತಕ್ಕಂತೆ ಅದು ಹೊಂದುತ್ತಿತ್ತು. ಮೈಯನ್ನು ನಿಂದಿಸದ ಉಡುಗೆಯೆಂದರೆ ಅದು. ನಮ್ಮ ಈ ತೆಲಂಗಾಣದಲ್ಲಿಯೇ, ರಾಯಚೂರಿನ ಮಗ್ಗುಲಿನ ನಾರಾಯಣಪೇಟೆಯಲ್ಲಿ ನೇಯುವ ಹತ್ತಿಯ ಸೀರೆಯೂ ಇದೇ ಬಳಗದ್ದು. 1956ರವರೆಗೆ ರಾಯಚೂರು, ಕಲಬುರಗಿ, ಬೀದರಗಳು ಹೈದರಾಬಾದ್ ರಾಜ್ಯದಲ್ಲಿಯೇ ಇದ್ದುವು. ಆದ್ದರಿಂದ ಇಲ್ಲಿ ನಾವು ಪರದೇಶಿಗಳೇನಲ್ಲ. ಇಲ್ಲಿಯ ನೂಲು ನಮ್ಮ ನೂಲಿಗೆ ಹಿಂದಿನಿಂದಲೂ ಕೂಡಿಕೊಂಡಿದೆ.

ಇಂಥ ಉಡುಗೆ ಇಂದಿನ ಓಡಾಟದ ಬದುಕಿಗೆ ಒದಗೀತೇ ಎಂಬ ಸಂಶಯ ನನಗೂ ಇತ್ತು. 2017ರ ಆಗಸ್ಟಿನಲ್ಲಿ ನಡೆದ ಹೈದರಾಬಾದ್ ಮ್ಯಾರಥಾನಿನಲ್ಲಿ ಈ ನಗರದ ಜಯಂತಿ ಸಂಪತ್ ಕುಮಾರ್ ಎಂಬ ಮಹಿಳೆ, ಕೈಮಗ್ಗದ ಉಡುಗೆಯ ಪ್ರಚಾರಕ್ಕೆಂದು ಸೀರೆಯುಟ್ಟೇ 42 ಕಿಲೋಮೀಟರ್ ದೂರವನ್ನು ಐದು ಗಂಟೆಗಳೊಳಗೆ ಓಡಿ ಮುಗಿಸಿದರು. ಆಗ ಅವರ ವಯಸ್ಸು ನಲವತ್ತನಾಲ್ಕು. ಎಲ್ಲರೂ ಸೀರೆಯಲ್ಲಿ ಓಡಬೇಕೆಂದು ನಾನು ಹೇಳುತ್ತಿಲ್ಲ. ಚೂಡಿದಾರವೋ, ಷರಾಯಿಯೋ, ಸೀರೆಯೋ, ಯಾವುದನ್ನು ತೊಟ್ಟರೆ ನಮ್ಮ ಕಾಲು ನಡೆಯಲು ಹಾತೊರೆಯುತ್ತದೆಯೋ ಅದೇ ನಮಗೆ ಒಪ್ಪುವ ಉಡುಗೆ. ತೊಟ್ಟಮೇಲೆ ಮೆಟ್ಟಿಲು ಏರಲಾಗದ, ಉಸಿರು ತುಂಬಿಕೊಳ್ಳಲಾಗದ ಉಡುಗೆ ಎಷ್ಟು ಬೆಲೆಯದಾದರೂ ನಷ್ಟದ ಬಾಬತ್ತೇ ಸರಿ.

ಊಟದ ವಿಚಾರದಲ್ಲಿಯೂ ನಮ್ಮ ನಗರ ಭಾಗ್ಯಶಾಲಿ. 1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ 1958ರಲ್ಲಿ ಇಲ್ಲಿಗೆ ಬಂದ ರಾಷ್ಟ್ರೀಯ ಪೋಷಣ ಸಂಸ್ಥೆ ತಾರ್ನಾಕದಲ್ಲಿದೆ. ಸಿರಿಧಾನ್ಯಗಳ ಸಂಶೋಧನಾ ಸಂಸ್ಥೆ ರಾಜೇಂದ್ರನಗರದಲ್ಲಿದೆ. ಪೋಷಣ ಸಂಸ್ಥೆ 2024ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಮಾರ್ಗಸೂತ್ರಗಳು ಹೇಳುವುದೇನು? ತಟ್ಟೆಯ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು ಇರಲಿ. ಉಳಿದುದರಲ್ಲಿ ಧಾನ್ಯದ ಜೊತೆಗೆ ಬೇಳೆ-ಕಾಳು, ಹಾಲು, ಒಪ್ಪುವವರಿಗೆ ಮೊಟ್ಟೆ-ಮಾಂಸ ಇರಲಿ. ಉಪ್ಪು, ಸಕ್ಕರೆ, ಎಣ್ಣೆಗೆ ಮಿತಿಯಿರಲಿ. ಜೋಳದ ರೊಟ್ಟಿ, ಪುಂಡಿಪಲ್ಯ, ಮಡಕೆಕಾಳಿನ ಉಸಳಿ, ಹಸಿ ಸೌತೆ, ಮೊಸರು ಇರುವ ಅವ್ವನ ತಾಟು ಇದಕ್ಕಿಂತ ಬಹಳ ಬೇರೆಯೇನಲ್ಲ. ಅದೇ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣದ ಅಂಶವಿದೆ. ಮೂಳೆ ಸವೆಯತೊಡಗುವ ನಮ್ಮ ವಯಸ್ಸಿಗೆ ಇದು ಸಣ್ಣ ಮಾತಲ್ಲ. ಮಗಳಿಗೆ ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಅದರ ಜೊತೆಗೆ ಎರಡು ಕಿವಿಮಾತು ಹೇಳಿದರು: ಊಟದ ಜೊತೆಗೆ ನಿಂಬೆಹಣ್ಣು ಹಿಂಡಿಕೊಳ್ಳಿ, ಅದರಲ್ಲಿಯ ಸಿ ಜೀವಸತ್ತ್ವ ಕಬ್ಬಿಣವನ್ನು ಮೈಗೂಡಿಸುತ್ತದೆ, ಊಟವಾದ ಕೂಡಲೇ ಚಹಾ ಕುಡಿಯಬೇಡಿ, ಅದು ಕಬ್ಬಿಣವನ್ನು ತಡೆಯುತ್ತದೆ. ಹೈದರಾಬಾದಿನಲ್ಲಿದ್ದು ಇರಾನಿ ಚಹಾ ಬಿಡುವುದು ಸುಲಭವಲ್ಲ. ಒಂದು ಗಂಟೆ ಮುಂದೂಡುವುದು ಸಾಧ್ಯ.

ನಾನು ಮಾಡಿದ್ದು ಹೆಚ್ಚೇನಿಲ್ಲ. ಆ ರವಿಕೆಯನ್ನು ಬಿಚ್ಚಿಸಿ ಕೈಚೀಲ ಹೊಲಿಸಿದೆ. ಈಗಿನ ನನ್ನ ಅಳತೆಗೆ ಮೂರು ಹತ್ತಿಯ ರವಿಕೆಗಳನ್ನು, ಜೇಬುಳ್ಳ ಎರಡು ಕುರ್ತಾಗಳನ್ನು ಹೊಲಿಸಿಕೊಂಡೆ. ಅಗಲ ಮುಂಭಾಗದ ತಗ್ಗು ಚಪ್ಪಲಿ ಕೊಂಡೆ. ವಾರಕ್ಕೆ 150 ನಿಮಿಷವಾದರೂ ಚುರುಕಾದ ನಡಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರದಲ್ಲಿ ಐದು ಬೆಳಗು ಅರ್ಧ ಗಂಟೆ ಸಂಜೀವಯ್ಯ ಉದ್ಯಾನದ ಕಡೆಗೆ ನಡೆಯತೊಡಗಿದೆ. ಮಗಳೂ ರಜೆಯ ದಿನ ಜೊತೆಗೆ ಬರುತ್ತಾಳೆ. ರಾತ್ರಿಯ ಊಟವನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಮಾಡುತ್ತೇವೆ, ಯಾರೂ ಬಿಡುವಂತಿಲ್ಲ. ರೊಟ್ಟಿ ಬಡಿಯುವ ಕೆಲಸದಲ್ಲಿ ಯಜಮಾನರೂ ಪಾಲುದಾರರಾಗಿದ್ದಾರೆ. ಅವರ ರೊಟ್ಟಿಗಳು ಭಾರತದ ಭೂಪಟದಂತಿರುತ್ತವೆಯಾದರೂ ರುಚಿಗೆ ಕೊರತೆಯಿಲ್ಲ. ಹದಿನಾಲ್ಕು ತಿಂಗಳಲ್ಲಿ ನನ್ನ ಸೊಂಟ 91ರಿಂದ 86ಕ್ಕೆ, ಎಚ್‌ಬಿಎ1ಸಿ 6.2ರಿಂದ 5.8ಕ್ಕೆ ಇಳಿದಿವೆ. ಮಗಳ ಹಿಮೋಗ್ಲೋಬಿನ್ 12.1 ಆಗಿದೆ. ಇದು ನಮ್ಮ ಮನೆಯ ಲೆಕ್ಕ, ಎಲ್ಲರಿಗೂ ಪ್ರಮಾಣವಲ್ಲ. ಅವರವರ ವೈದ್ಯರ ಮಾತೇ ಅವರವರಿಗೆ ಹಿತ. ನಾನಿನ್ನೂ ಹೊಸ್ತಿಲನ್ನು ಪೂರ್ತಿ ದಾಟಿ ಹೊರಬಂದಿಲ್ಲ. ಆದರೆ ಮುಖ ಮಾತ್ರ ಬಾಗಿಲ ಹೊರಗೆ ತಿರುಗಿದೆ.

ಕೊನೆಯದಾಗಿ, ಸಂಘದ ಹಿರಿಯರಲ್ಲಿ ಮತ್ತು ಸೋದರಿಯರಲ್ಲಿ ಎರಡು ವಿನಂತಿಗಳು. ಮೊದಲನೆಯದು, ನಾವು ಪರಸ್ಪರ ಕಂಡಾಗ ಆಡುವ ಮೊದಲ ಮಾತು. ‘ಏನ್ರೀ, ದಪ್ಪಗಾಗಿದ್ದೀರಲ್ಲ’, ‘ಎಷ್ಟು ಸಣ್ಣಗಾಗಿದ್ದೀರಿ, ಏನು ಗುಟ್ಟು?’ ಎಂಬ ಕುಶಲಪ್ರಶ್ನೆಗಳನ್ನು ನಿಲ್ಲಿಸೋಣ. ಅವು ಹಿರಿಯರ ಕಿವಿಗೆ ಬಿದ್ದು ಮರೆತುಹೋದರೂ, ಪಕ್ಕದಲ್ಲಿ ನಿಂತ ಎಳೆಯ ಹುಡುಗಿಯ ಕಿವಿಯಲ್ಲಿ ಉಳಿದುಬಿಡುತ್ತವೆ. ಎರಡನೆಯದು, ರಾಜ್ಯೋತ್ಸವದ ದಿನ ಮಹಿಳೆಯರಿಗೆ ಏರ್ಪಡಿಸುವ ಉಡುಗೆ ಸ್ಪರ್ಧೆಯ ಜೊತೆಗೆ ಹಿಮೋಗ್ಲೋಬಿನ್ ಮತ್ತು ಸಕ್ಕರೆಯ ತಪಾಸಣೆಯ ಒಂದು ಮೇಜನ್ನೂ ಹಾಕಿಸೋಣ. ಸ್ಪರ್ಧೆಗೆ ಬರುವವರು ಹುಸೇನ್ ಸಾಗರದ ದಂಡೆಯಲ್ಲಿ ಒಂದು ಕಿಲೋಮೀಟರಾದರೂ ತಾವು ಉಟ್ಟ ಉಡುಗೆಯಲ್ಲಿಯೇ ನಡೆದು ತೋರಿಸಲಿ. ಯಾವ ಉಡುಗೆ ಮೈಗೆ ಒಪ್ಪಿದೆ ಎಂಬುದನ್ನು ತೀರ್ಪುಗಾರರಿಗಿಂತ ಮುಂಚೆ ಕಾಲುಗಳೇ ಹೇಳುತ್ತವೆ.

ಕಳೆದ ದಸರೆಗೆ ಮಗಳು ಅಜ್ಜಿಯ ಹಳೆಯ ಇಳಕಲ್ಲ ಸೀರೆಯನ್ನು ಕೇಳಿ ಪಡೆದು ಉಟ್ಟಳು. ಹೊಲಿಸಿದ ರವಿಕೆ ತುಸು ಬಿಗಿಯಾಗಿತ್ತು. ಊಟದ ಹೊತ್ತಿಗೆ ಅವಳು ದರ್ಜಿಯ ಬಳಿಗೆ ಹೋಗಬೇಕೆಂದಳು. ‘ಊಟ ಬೇಡ’ ಎನ್ನಲಿಲ್ಲ. ಹೋಳಿಗೆಯನ್ನು ತುಪ್ಪದ ಜೊತೆ ಎರಡು ಬಾರಿ ಹಾಕಿಸಿಕೊಂಡಳು. ಮರುದಿನ ರವಿಕೆಯ ಹೊಲಿಗೆ ಬಿಚ್ಚಿ ಅರ್ಧ ಅಂಗುಲ ಸಡಿಲಿಸಿಕೊಂಡು ಬಂದಳು.